ಒಂದೇ ಒಂದು ಪಾಯಿಂಟ್

ಎಲೆಕ್ಟ್ರಿಷಿಯನ್‌ಗೆ ಅವನ ಅತ್ತೆ ಇಟ್ಟ ಹೆಸರು ‘ಭಾನುವಾರ’. ಅಳಿಯ ಎಂದು ಬಾಯಿ ತುಂಬ ಕರೆಯುತ್ತಿದ್ದ ಕಾಲವೂ ಒಂದಿತ್ತು. ಆದರೆ ಮನೆಯಲ್ಲಿ ಯಾವ ಕೆಲಸ ಹೇಳಿದರೂ “ಈ ಭಾನುವಾರ ಮಾಡ್ತೀನಿ” ಅನ್ನುತ್ತ ಬಂದವನಿಗೆ ಆ ಹೆಸರು ಅಂಟಿಕೊಂಡುಬಿಟ್ಟಿತು. “ಭಾನುವಾರ ಊಟಕ್ಕೆ ಬಂತಾ?” ಎಂದು ಅತ್ತೆ ಬುಧವಾರವೂ ಕೇಳುತ್ತಿದ್ದರು.

ಅವನು ಹಾಗೆ ಮುಂದೂಡುತ್ತ ಬಂದ ಕೆಲಸ ದೊಡ್ಡದೇನಲ್ಲ. ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುವವಳು. ಅವಳ ಮೆಷಿನ್ ನಡುಮನೆಯ ಕಿಟಕಿಯ ಹತ್ತಿರ, ಬೆಳಕು ಚೆನ್ನಾಗಿ ಬೀಳುವ ಕಡೆ ಇತ್ತು. ಆ ಗೋಡೆಯಲ್ಲಿ ಪ್ಲಗ್ ಪಾಯಿಂಟ್ ಇರಲಿಲ್ಲ. ಮಲಗುವ ಕೋಣೆಯಿಂದ ಒಂದು ಹಳದಿ ವೈರು ಹೊಸ್ತಿಲು ದಾಟಿ, ಸೋಫಾದ ಅಡಿಯಲ್ಲಿ ನುಸುಳಿ ಮೆಷಿನ್ ಮುಟ್ಟುತ್ತಿತ್ತು. ಮನೆಯವರು ಅಲ್ಲಿ ಕಾಲೆತ್ತಿ ಹಾಕುವುದನ್ನು ರೂಢಿ ಮಾಡಿಕೊಂಡಿದ್ದರು. ಅಳತೆ ಕೊಡಲು ಬಂದ ಗಿರಾಕಿಗಳು ಎಡವುತ್ತಿದ್ದರು. ಪ್ಲಗ್ ಕಿತ್ತು ಬಂದು ಮೆಷಿನ್ ಅರ್ಧ ಹೊಲಿಗೆಯಲ್ಲಿ ನಿಂತಾಗಲೆಲ್ಲ ಹೆಂಡತಿ ತಲೆಯೆತ್ತಿ ಅವನನ್ನು ನೋಡುತ್ತಿದ್ದಳು. ಊರಿಗೆಲ್ಲ ಪಾಯಿಂಟ್ ಹಾಕಿಕೊಡುವವನು ಸ್ವಂತ ಮನೆಗೆ ಒಂದು ಹಾಕಲಿಲ್ಲ ಅಂದರೆ ಯಾವ ಹೆಂಡತಿ ಸುಮ್ಮನಿರುತ್ತಾಳೆ? ಇವಳು ಸುಮ್ಮನಿರುತ್ತಿದ್ದಳು. ಅದೇ ಅವನಿಗೆ ಹೆಚ್ಚು ಚುಚ್ಚುತ್ತಿತ್ತು.

ಅವನಿಗೆ ಬೇಕಾಗಿದ್ದ ಪಾಯಿಂಟ್ ಬೇರೆ. ಹೊಸ ಕಟ್ಟಡಗಳ ವೈರಿಂಗ್‌ಗೆಂದು ಕಂಪನಿ ಅವನನ್ನು ಊರಿಂದೂರಿಗೆ ಕಳಿಸುತ್ತಿತ್ತು. ಎಲ್ಲಿಗೆ ಹೋದರೂ ಒಂದೇ ಹೆಸರಿನ ಹೋಟೆಲ್ಲಿನಲ್ಲಿ ಇಳಿಸುತ್ತಿತ್ತು. ಮಲಗಿದ ರಾತ್ರಿಗೆ ಇಷ್ಟು ಎಂದು ಹೋಟೆಲ್ಲಿನವರು ಅವನ ಹೆಸರಿಗೆ ಪಾಯಿಂಟ್ ಜಮಾ ಮಾಡುತ್ತಿದ್ದರು. ಬೇಕಾದಷ್ಟು ಸೇರಿದರೆ ಕಡಲ ದಂಡೆಯಲ್ಲಿರುವ ಅವರದೇ ದೊಡ್ಡ ಹೋಟೆಲ್ಲಿನಲ್ಲಿ ಗಂಡ ಹೆಂಡತಿ ಎರಡು ರಾತ್ರಿ ಪುಕ್ಕಟೆ ಇರಬಹುದು. ಆದರೆ ಇವನು ಬೇಕಾದ ಸಂಖ್ಯೆಯ ಹತ್ತಿರ ಬಂದಾಗಲೆಲ್ಲ ಅವರು ಸಂಖ್ಯೆಯನ್ನೇ ಮೇಲೇರಿಸಿಬಿಡುತ್ತಿದ್ದರು. ಕಡಲು ತೋರಿಸುತ್ತೇನೆಂದು ಹೆಂಡತಿಯ ಮೂಗಿಗೆ ತುಪ್ಪ ಸವರುತ್ತಲೇ ವರ್ಷಗಳು ಕಳೆದಿದ್ದವು.

ಅವನ ಆಸೆ ಮಾತ್ರ ಸುಳ್ಳಲ್ಲ. ಆ ರೂಮುಗಳಲ್ಲೆಲ್ಲ ಅಗಲವಾದ ಮಂಚ, ಎರಡು ದಿಂಬು, ಮಂಚದ ಎರಡೂ ಪಕ್ಕ ಒಂದೊಂದು ಪ್ಲಗ್ ಪಾಯಿಂಟ್. ಅವನು ಎಡಗಡೆಯದಕ್ಕೆ ಫೋನ್ ಚುಚ್ಚಿ ಮಲಗುತ್ತಿದ್ದ. ಬಲಗಡೆಯದು ಖಾಲಿ. ದೀಪ ಆರಿಸುವ ಮುಂಚೆ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ತನಗೊಬ್ಬನಿಗೆ ಇಲ್ಲಿ ಎರಡೆರಡು, ಅವಳಿಗೆ ಅಲ್ಲಿ ಒಂದೂ ಇಲ್ಲ ಎಂದು ನಾಚಿಕೆಯಾಗುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಹೋಟೆಲ್ಲಿನವರ ಮೆಸೇಜ್ ಬಂತು. ಪಾಯಿಂಟ್ ಕೊಳ್ಳುವವರಿಗೆ ಭಾರೀ ರಿಯಾಯಿತಿ, ಇಂದು ಸಂಜೆ ಆರರವರೆಗೆ ಮಾತ್ರ. ಕೆಳಗೊಂದು ಗಡಿಯಾರ ಹಿಮ್ಮುಖವಾಗಿ ಓಡುತ್ತಿತ್ತು. ಅವನಿಗೆ ಕಮ್ಮಿ ಬಿದ್ದದ್ದು ಎಂಟು ಸಾವಿರ ಪಾಯಿಂಟ್. ಕೊಂಡರೆ ಹೊಸ ಡ್ರಿಲ್ಲಿಗೆಂದು ಎತ್ತಿಟ್ಟ ದುಡ್ಡಿಗೆ ಎಳ್ಳುನೀರು. ಬಿಟ್ಟರೆ ಕಡಲಿಗೆ.

ಅವನು ಬಾಲ್ಕನಿಗೆ ಹೋಗಿ ಭಾಮೈದನಿಗೆ ಫೋನ್ ಮಾಡಿದ. ವಿಮೆ ಮಾರುವ ಭಾಮೈದ ಹುಟ್ಟಿದಾಗಿನಿಂದ ಯಾವುದಕ್ಕೂ ಬೇಡ ಎಂದವನಲ್ಲ.

“ಕಣ್ಣು ಮುಚ್ಕೊಂಡು ತಗೊಳ್ಳಿ ಭಾವ! ಇಂಥ ಆಫರ್ ಮತ್ತೆ ಬರಲ್ಲ.”

“ಆಮೇಲೆ ಅವರು ಮತ್ತೆ ಜಾಸ್ತಿ ಮಾಡ್ಬಿಟ್ರೆ?”

“ಹೌದಲ್ಲ! ಹಾಗಾದ್ರೆ ತಗೋಬೇಡಿ. ಶುದ್ಧ ಮೋಸ ಅದು.”

“ಬಿಟ್ರೆ ಕಡಲು ಹೋಯ್ತಲ್ಲೋ.”

“ಅದೂ ನಿಜಾನೇ. ತಗೊಂಡ್ಬಿಡಿ.”

ಎಲೆಕ್ಟ್ರಿಷಿಯನ್‌ಗೆ ರೇಗಿತು. “ಆಯ್ತು ಬಿಡೋ, ಇವತ್ತು ಪಾಯಿಂಟ್ ತಗೊಂಡೇ ತಗೋತೀನಿ. ಎಷ್ಟು ವರ್ಷದಿಂದ ಕಾಯ್ತಿದಾಳೆ ಪಾಪ,” ಎಂದು ಫೋನಿಟ್ಟ.

ಬಟ್ಟೆ ಒಣಹಾಕಲು ಬಂದಿದ್ದ ಅತ್ತೆಯ ಕಿವಿ ನೆಟ್ಟಗಾಯಿತು. ಬಕೆಟ್ಟನ್ನು ಅಲ್ಲೇ ಬಿಟ್ಟು, ಮಂಡಿನೋವನ್ನೂ ಅಲ್ಲೇ ಬಿಟ್ಟು ಒಳಗೆ ಓಡಿದರು.

ತಗೊಂಡೇ ತಗೋತೀನಿ ಎಂದವನು ತಗೊಂಡನೇ? ಬೀದಿಗಿಳಿದು ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು ಮೀನಮೇಷ ಎಣಿಸಿದ. ಬೆರಳು ಬಟನ್ನಿನ ಹತ್ತಿರ ಹೋಗುವುದು, ಡ್ರಿಲ್ ನೆನಪಾಗಿ ಹಿಂದೆ ಬರುವುದು. ಕಡಲು ನೆನಪಾಗಿ ಮತ್ತೆ ಹೋಗುವುದು. ಬಂದ ಬಸ್ಸುಗಳೆಲ್ಲ ಇವನಿಗಾಗಿ ನಿಂತು, ಇವನು ಏಳದ್ದನ್ನು ಕಂಡು ಬೈದುಕೊಂಡು ಹೋದವು. ಮನೆಗೆ ಹಿಂತಿರುಗುವಾಗ ಐದೂಕಾಲು.

ಬಾಗಿಲಲ್ಲೇ ಅತ್ತೆ. “ಬಾರಪ್ಪ ಅಳಿಯ, ಬಾ!”

ಅಳಿಯ ಎಂಬ ಮಾತು ಕೇಳಿ ಅವನ ಎದೆ ಧಸಕ್ಕೆಂದಿತು. ಒಳಗೆ ಸೋಫಾ ಮೂಲೆ ಸೇರಿತ್ತು. ಮೆಷಿನ್ನಿಗೆ ಧೂಳು ಬೀಳದಂತೆ ಬೆಡ್‌ಶೀಟ್ ಹೊದಿಸಿತ್ತು. ಅವನ ಟೂಲ್ ಬಾಕ್ಸು ನಡುಮನೆಯಲ್ಲಿ ಬಾಯಿ ತೆರೆದು ಕೂತಿತ್ತು. ಹೆಂಡತಿ ತಲೆಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದಳು.

“ತಂದ್ರಾ?”

“ಏನನ್ನ?”

“ಪಾಯಿಂಟ್! ಅಮ್ಮ ಎಲ್ಲಾ ಹೇಳಿದ್ಲು.”

ಗುಟ್ಟು ರಟ್ಟಾಯಿತು ಎಂದುಕೊಂಡ ಅವನು. “ಇನ್ನೂ ಇಲ್ಲ. ಆರು ಗಂಟೆವರೆಗೂ ಟೈಮಿದೆ. ಎಂಟು ಸಾವಿರ ಬೇಕಲ್ಲ, ಅದಕ್ಕೇ ಯೋಚನೆ ಮಾಡ್ತಿದೀನಿ.”

“ಎಂಟು ಸಾವಿರ ಪಾಯಿಂಟಾ? ರೀ, ಗೋಡೆ ಉಳಿಯುತ್ತಾ? ನಂಗೆ ಒಂದೇ ಒಂದು ಸಾಕು.”

“ಒಂದಕ್ಕೆಲ್ಲ ಅವರು ಬಾಗಿಲೂ ತೆಗೆಯಲ್ಲ.”

“ಯಾರು?”

“ಕಡಲ ದಂಡೆಯವರು.”

ಅತ್ತೆ ಮಧ್ಯೆ ಬಾಯಿ ಹಾಕಿದರು. “ಒಂದು ಪ್ಲಗ್ಗಿಗೆ ಕಡಲ ದಂಡೆಗೆ ಯಾಕೋ ಹೋಗ್ತೀಯಾ? ಇಲ್ಲೇ ಮೂಲೆ ಅಂಗಡೀಲಿ ಸಿಗಲ್ವಾ?”

ಆಗ ಅವನ ಕಣ್ಣು ಗೋಡೆಗೆ ಬಿತ್ತು. ಕಿಟಕಿಯ ಕೆಳಗೆ, ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸಿನಿಂದ ಹೆಂಡತಿ ಒಂದು ಚೌಕ ಬರೆದಿದ್ದಳು. ಅಂಚು ಸೊಟ್ಟಗಾಗದಂತೆ ಸ್ಕೇಲ್ ಇಟ್ಟೇ ಎಳೆದಿದ್ದಳು. ಪಕ್ಕದಲ್ಲಿ ‘ಇಲ್ಲಿ’ ಎಂದು ಬರೆದು ಬಾಣದ ಗುರುತನ್ನೂ ಹಾಕಿದ್ದಳು, ಎಲ್ಲಿ ಗಂಡನಿಗೆ ಜಾಗ ತಿಳಿಯದೇ ಹೋಗುತ್ತದೋ ಎಂದು.

ಅವನಿಗೆ ಎಲ್ಲವೂ ಅರ್ಥವಾಗಿ ಮುಖ ಹುಳ್ಳಗಾಯಿತು. ಹೇಳಿಬಿಡೋಣ ಎಂದು ತಿರುಗಿದರೆ ಅವಳು ನಗುತ್ತಿದ್ದಳು. ಇಷ್ಟು ಅಗ್ಗದ ವಸ್ತುವಿಗೆ ಇಷ್ಟು ದೊಡ್ಡ ನಗು! ಕೈಯಲ್ಲಿ ಫೋನಿನ ಗಡಿಯಾರ ಓಡುತ್ತಲೇ ಇತ್ತು. ಬಟನ್ ಒತ್ತಿದರೆ ಇವಳಿಗೆ ಸಿಗುವುದು ಇನ್ನೊಂದು ‘ಮುಂದೆ ಯಾವತ್ತೋ’. ಅಂಥದ್ದನ್ನು ತಾನು ಸಾಕಷ್ಟು ಕೊಟ್ಟಿದ್ದೇನೆ ಅನ್ನಿಸಿತು. ಫೋನನ್ನು ಟೂಲ್ ಬಾಕ್ಸಿನೊಳಗೆ ಹಾಕಿ ಉಳಿ, ಸುತ್ತಿಗೆ ಎತ್ತಿಕೊಂಡ. ಹಳೆ ಡ್ರಿಲ್ಲಿಗೆ ಈ ಗೋಡೆ ಬಗ್ಗುವಂತಿರಲಿಲ್ಲ.

ಬಾಕ್ಸ್ ತಡಕಿದರೆ ಸಾಕೆಟ್, ವೈರು, ಪೈಪು ಎಲ್ಲವೂ ಅದರಲ್ಲೇ ಇದ್ದವು. ಎಷ್ಟು ಭಾನುವಾರಗಳಿಂದ ಇದ್ದವೋ. ಮೇನ್ ಆಫ್ ಮಾಡಿದ. ಗಾರೆ ಕೆತ್ತಿದ. ಅತ್ತೆ ಟಾರ್ಚ್ ಹಿಡಿದು, ಅವನಿಗೆ ಬೇಕಾದ ಜಾಗ ಒಂದನ್ನು ಬಿಟ್ಟು ಬೇರೆಲ್ಲಕ್ಕೂ ಬೆಳಕು ಬಿಟ್ಟರು. ವೈರಿನ ತುದಿ ಸ್ಕ್ರೂವಿಗೆ ಕೂರಿಸುತ್ತಿದ್ದಾಗ ಬಾಕ್ಸಿನೊಳಗೆ ಫೋನ್ ಬಡಿದುಕೊಂಡಿತು. ಹೆಂಡತಿ ಎತ್ತಿ ಅವನ ಕಿವಿಗೆ ಹಿಡಿದಳು.

“ಭಾವ, ಇನ್ನೈದೇ ನಿಮಿಷ! ತಗೊಂಡ್ರಾ ಪಾಯಿಂಟು?”

“ಹೂಂ ಕಣೋ. ಒಂದು.”

“ಒಂದಾ? ಒಂದು ತಗೊಂಡು ಏನ್ ಮಾಡ್ತೀರಾ?”

“ನಿಮ್ಮಕ್ಕ ಹೊಲಿಗೆ ಹಾಕ್ತಾಳೆ,” ಎಂದ. “ಅದೂ ನಿಜಾನೇ,” ಎಂದು ಭಾಮೈದ ಫೋನಿಟ್ಟ.

ಮೇನ್ ಹಾಕಿದ. ಹೆಂಡತಿ ಪ್ಲಗ್ ಚುಚ್ಚಿ ಪೆಡಲ್ ತುಳಿದಳು. ಮೆಷಿನ್ ಗಿರ್ರೆಂದಿತು. ಒಂದು ಚಿಂದಿಯ ಮೇಲೆ ಉದ್ದಕ್ಕೂ ಹೊಲಿಗೆ ಓಡಿಸಿ, ತುದಿಗೆ ಬಂದು ಹಿಂದಕ್ಕೆ ತಿರುಗಿಸಿ ಮತ್ತೆ ಓಡಿಸಿದಳು.

“ಈಗ ಹೇಳಿ. ಎಂಟು ಸಾವಿರ ಏನದು?”

ಅವನು ಎಲ್ಲವನ್ನೂ ಹೇಳಿದ. ರಿಯಾಯಿತಿ, ಕಡಲು, ಬಸ್ ನಿಲ್ದಾಣ. ಕೊನೆಗೆ, ಹೇಳಲೋ ಬೇಡವೋ ಎಂಬಂತೆ, ಮಂಚದ ಬಲಗಡೆಯ ಖಾಲಿ ಪಾಯಿಂಟ್.

ಅವಳು ಪೆಡಲ್ ಮೇಲಿಂದ ಕಾಲು ತೆಗೆದಳು. “ಅಂದ್ರೆ ನಿಮಗೆ ಕೊಡೋದು ಇಬ್ಬರ ರೂಮೇನಾ?”

“ಹೂಂ. ಒಬ್ಬರ ರೂಮು ಅಂತ ಅವರಲ್ಲಿ ಇಲ್ವೇ ಇಲ್ಲ.”

“ದುಡ್ಡು ಕಂಪನೀನೇ ಕೊಟ್ಟಿರುತ್ತಾ?”

“ಹೂಂ.”

“ಹಾಗಿದ್ಮೇಲೆ, ನಾನು ಬಂದು ಆ ಬಲಗಡೆ ಮಲಗೋಕೆ ಪಾಯಿಂಟ್ ಯಾಕ್ರೀ ಬೇಕು?”

ಇಷ್ಟು ವರ್ಷ ಅವನು ಇಷ್ಟು ಊರುಗಳಲ್ಲಿ ಆ ಖಾಲಿ ದಿಂಬಿನ ಪಕ್ಕದಲ್ಲೇ ಮಲಗಿ ಪಾಯಿಂಟ್ ಕೂಡಿಟ್ಟಿದ್ದ.

“ಆದ್ರೆ ಅಲ್ಲಿ ಕಡಲು ಇರಲ್ಲ,” ಎಂದ ಮೆಲ್ಲಗೆ. “ಈ ಸಲ ಸಿಮೆಂಟ್ ಕಾರ್ಖಾನೆ ಪಕ್ಕ. ಕಿಟಕಿ ತೆಗೆದ್ರೆ ಚಿಮಣಿ.”

“ಇರ್ಲಿ, ಚಿಮಣೀನೇ ನೋಡ್ತೀನಿ. ಯಾವತ್ತು ಹೊರಡೋದು?”

ಅವನು ತಲೆ ಕೆರೆದುಕೊಂಡ. “ಮುಂದಿನ ಭಾನುವಾರ.”

ಅಡುಗೆಮನೆಯಲ್ಲಿ ಅತ್ತೆ ಗೊಳ್ಳೆಂದು ನಕ್ಕರು. “ನಿಜವಾಗ್ಲೂ ಭಾನುವಾರಾನೇ ಅತ್ತೆ, ಟಿಕೆಟ್ ಬಂದಿದೆ!” ಎಂದು ಅವನು ಕೂಗಿದಷ್ಟೂ ನಗು ಜಾಸ್ತಿಯಾಯಿತು.

ಹೆಂಡತಿ ನಗಲಿಲ್ಲ. ಹಳದಿ ವೈರನ್ನು ಸುತ್ತಿ ಅವನ ಟೂಲ್ ಬಾಕ್ಸಿನಲ್ಲಿಟ್ಟಳು. ಗಿರಾಕಿಗಳ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ, ಬೀರುವಿನಿಂದ ಒಂದು ಹೊಸ ಬಟ್ಟೆ ತೆಗೆದು ಹಾಸಿ, ಅಳತೆ ಟೇಪನ್ನು ತನ್ನ ಭುಜಕ್ಕೇ ಹಿಡಿದುಕೊಂಡಳು.