ಕೊನೆಯ ಕಾಲಂ ಕಾಣುವಷ್ಟು ಅಗಲ

ನಮ್ಮ ಯಜಮಾನರು ರಾಮಾನುಜ ಅವರು ಮನೆಯಲ್ಲಿ ಒಂದು ಕೆಲಸಕ್ಕೆ ಕೈ ಹಾಕಿದರೆ ಇನ್ನೆರಡು ಕೆಲಸ ಹುಟ್ಟುತ್ತವೆ. ಇದು ನನ್ನ ಮಾತಲ್ಲ, ಅವರನ್ನು ಹೆತ್ತ ಅಂಬುಜಮ್ಮನವರದು. ಆದರೆ ಈ ಸಲದ ಅನಾಹುತದಲ್ಲಿ ಅವರ ತಪ್ಪು ಅರ್ಧ, ಇನ್ನರ್ಧ ನಾನು ಕಂಪ್ಯೂಟರಿನಲ್ಲಿ ಮಾಡಿದ ಒಂದು ಪುಟ್ಟ ಚೌಕದ್ದು.

ನಮ್ಮ ಅತ್ತೆ ಎನ್.ಆರ್. ಕಾಲೋನಿಯ ಈ ಮನೆಯಲ್ಲಿ ನವರಾತ್ರಿಗೆ ಒಂಬತ್ತು ಮೆಟ್ಟಿಲು ಗೊಂಬೆ ಕೂರಿಸಿದವರು. ಈಗ ಮಂಡಿ ಕೇಳುವುದಿಲ್ಲ. "ಇನ್ಮೇಲೆ ಮೂರು ಮೆಟ್ಟಿಲು ಸಾಕು ಶಕುಂತಲಾ, ಮಿಕ್ಕಿದ್ದನ್ನ ಕೂರಿಸೋ ಮನೆಗಳಿಗೆ ಕೊಟ್ಬಿಡೋಣ" ಅಂದರು. ಊರಿನ ಗೊಂಬೆ ಹುಚ್ಚಿನವರೆಲ್ಲ ಸೇರುವ ಒಂದು ಆನ್‌ಲೈನ್ ಫೋರಂ ಇದೆ. ಅಲ್ಲಿ ಹಾಕಲು ನಾನು ಸ್ಪ್ರೆಡ್‌ಶೀಟ್ ಮಾಡಿದೆ: ಬಟ್ಟೆ ಸುತ್ತಿ ಟ್ರಂಕಿನಲ್ಲಿಟ್ಟ ಗಂಟಿನ ನಂಬರು, ಗೊಂಬೆಯ ಹೆಸರು, ಎತ್ತರ, ಎಲ್ಲಾದರೂ ಮುಕ್ಕಾಗಿದೆಯೇ, ಕೊನೆಯಲ್ಲಿ ಷರಾ. ಕಾಲೇಜಿನ ಆಫೀಸಿನಲ್ಲಿ ತಲೆ ಹಣ್ಣಾದವಳು ನಾನು, ಷರಾ ಇಲ್ಲದೆ ಪಟ್ಟಿ ಮಾಡಲು ಕೈ ಬರುವುದಿಲ್ಲ.

"ಮೊದಲು ಪಟ್ಟದ ಗೊಂಬೆ ಬರಿ" ಅಂದರು ಅತ್ತೆ. ಪಟ್ಟದ ಗೊಂಬೆ ಅಂದರೆ ಮರದ ರಾಜ ರಾಣಿ, ಮದುವೆಯಲ್ಲಿ ತಾಯಿ ಮಗಳಿಗೆ ಕೊಟ್ಟು ಕಳಿಸುವ ಜೋಡಿ. ಪಾಡ್ಯದ ದಿನ ಅವರಿಬ್ಬರೂ ಕೂತ ಮೇಲೇ ಮಿಕ್ಕ ಗೊಂಬೆಗಳಿಗೆ ಜಾಗ. ನನ್ನ ತವರಿನಲ್ಲಿ ಅಂಥದ್ದನ್ನು ಕೊಡುವ ಅನುಕೂಲವಿರಲಿಲ್ಲ. ಹಾಗಾಗಿ ಪ್ರತಿ ವರ್ಷ ಆ ಜೋಡಿಯನ್ನು ಎತ್ತಿ ಕೂರಿಸುವುದು ಅತ್ತೆ, ಕೆಳಗಿನ ಮೆಟ್ಟಿಲುಗಳು ನನ್ನವು.

"ಅದನ್ನ ಕೊಡಲ್ಲವಲ್ಲಮ್ಮ" ಅಂದೆ.

"ಕೊಡಲ್ಲ. ಆದ್ರೆ ಅರಿಶಿನ ಕುಂಕುಮ ಬರೀದೆ ಮದುವೆ ಸಾಮಾನಿನ ಪಟ್ಟಿ ಶುರು ಮಾಡ್ತಾರಾ? ಇದೂ ಹಾಗೇ."

ಸರಿ, ಒಂದನೇ ಸಾಲಿನಲ್ಲಿ ರಾಜ ರಾಣಿಯನ್ನು ಬರೆದು, ಷರಾದಲ್ಲಿ 'ಇದು ಮಾತ್ರ ಕೊಡುವುದಿಲ್ಲ' ಎಂದು ಸೇರಿಸಿ, ಶೀಟನ್ನು ಫೋರಂನ ಪೋಸ್ಟಿನೊಳಗೆ ಒಂದು ಚೌಕದಲ್ಲಿ ಕಾಣುವ ಹಾಗೆ ಕೂರಿಸಿದೆ. ನನ್ನ ಕಂಪ್ಯೂಟರಿನಲ್ಲಿ ತೆರೆದಿದ್ದ ಶೀಟನ್ನೇ ನೋಡಿಕೊಂಡು ಬೀಗಿದೆ. ಪೋಸ್ಟು ಓದುವವರಿಗೆ ಅದು ಹೇಗೆ ಕಾಣುತ್ತದೆ ಎಂದು ನೋಡಲಿಲ್ಲ.

ಪಿತೃಪಕ್ಷ ಶುರುವಾಗುವ ಮುಂಚೆ ಕೊಟ್ಟು ಮುಗಿಸಬೇಕೆಂದು ಅತ್ತೆಯ ಅಪ್ಪಣೆ. ಪಕ್ಷಕ್ಕೆ ಇನ್ನೊಂದೇ ದಿನ ಇರುವಾಗ, ನಾನು ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ ಹೊತ್ತಿನಲ್ಲಿ, ಪೋಸ್ಟಿಗೆ ಉತ್ತರ ಬರೆದಿದ್ದ ಮಹಾನಂದ ಎನ್ನುವವರು ನಗರ್ತಪೇಟೆಯಿಂದ ಬಂದು ಒಂದನೇ ನಂಬರು ಕೇಳಿದ್ದಾರೆ. ಯಜಮಾನರು ಫೋನಿನಲ್ಲಿ ಪೋಸ್ಟು ನೋಡಿದ್ದಾರೆ. ಒಂದನೇ ಸಾಲು, ಎತ್ತರ ಒಂದಡಿ, ಮುಕ್ಕಿಲ್ಲ. ಅಲ್ಲಿಗೆ ಚೌಕ ಮುಗಿದಿದೆ. ಟ್ರಂಕಿನಿಂದ ಒಂದನೇ ಗಂಟನ್ನು ಬಿಚ್ಚದೆ ಎತ್ತಿ, ತಾಂಬೂಲದ ತಟ್ಟೆಯಲ್ಲಿ ಅರಿಶಿನ ಕುಂಕುಮ, ತೆಂಗಿನಕಾಯಿ ಇಟ್ಟು ಕೊಟ್ಟು ಕಳಿಸಿದ್ದಾರೆ. ಮರ್ಯಾದೆಯಲ್ಲಿ ಮಾತ್ರ ಒಂದು ಚೂರೂ ತಪ್ಪಿಲ್ಲ!

ನನಗೆ ಮೈಯೆಲ್ಲ ಉರಿದುಹೋಯಿತು. "ಹುಟ್ಟಿದಾಗಿನಿಂದ ನೋಡಿದ ಗೊಂಬೆ ಕಣ್ರೀ!" ಎಂದು ಕೂಗಾಡಿದೆ. "ಗಂಟು ಕಟ್ಟಿತ್ತಲ್ಲೇ, ನಾನು ನಂಬರು ನೋಡ್ದೆ" ಅಂದರು, ಮಗುವಿನ ಮುಖ ಮಾಡಿಕೊಂಡು.

ಅತ್ತೆ ಕೂಗಾಡಲಿಲ್ಲ. ಟ್ರಂಕಿನ ಖಾಲಿ ಜಾಗದ ಮೇಲೆ ಕೈಯಾಡಿಸಿ, "ರಾಣಿಯ ಮೂಗುಬಟ್ಟು ನಮ್ಮಮ್ಮ ಹಾಕಿದ್ದು" ಅಂದರು. ನಾನು ಫೋನ್ ಎತ್ತಿಕೊಂಡೆ. ಅವರು ತಡೆದರು.

"ಕುಂಕುಮ ಇಟ್ಟು ಕೊಟ್ಟಾಯ್ತು. ಕೊಟ್ಟದ್ದನ್ನ ಬಾಯಿಬಿಟ್ಟು ವಾಪಸ್ ಕೇಳಬಾರದು."

"ಪೋಸ್ಟು ಸರಿ ಮಾಡಬಹುದಾ ಅಮ್ಮ?"

ಸ್ವಲ್ಪ ಯೋಚಿಸಿದರು. "ಪಟ್ಟಿ ನಿನ್ನದು. ಸರಿ ಮಾಡ್ಕೋ."

ಫೋರಂ ನೋಡಿಕೊಳ್ಳುವ ಇಂಚರಾ ಮಲ್ಲೇಶ್ವರದ ಹುಡುಗಿ. ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿಕೊಂಡೆ.

"ಆಂಟಿ, ಪೋಸ್ಟ್‌ನಲ್ಲಿ ಎಡಿಟ್ ಒತ್ತಿ. ಶೀಟಿನ ಲಿಂಕ್ ಇರೋ ಸಾಲಲ್ಲಿ ವಿಡ್ತ್, ಹೈಟ್ ಅಂತ ಇದೆಯಾ?"

"ಇದೆ. ಮುನ್ನೂರು, ನೂರೈವತ್ತು."

"ಅಯ್ಯೋ, ಅಷ್ಟು ಸಣ್ಣ ಕಿಟಕೀಲಿ ಏನು ಕಾಣುತ್ತೆ? ವಿಡ್ತ್‌ಗೆ ನೂರು ಪರ್ಸೆಂಟ್ ಹಾಕಿ, ಹೈಟ್‌ಗೆ ಆರುನೂರು. ಆಮೇಲೆ ಶೀಟಲ್ಲಿ ಎತ್ತರದ ಕಾಲಂ ಕಿರಿದು ಮಾಡಿ. ಇಲ್ದಿದ್ರೆ ಫೋನಲ್ಲಿ ನೋಡೋರಿಗೆ ಕೊನೇದು ಮತ್ತೆ ಆಚೆ ಹೋಗುತ್ತೆ."

ನಾನು ಒಮ್ಮೆ ಪರ್ಸೆಂಟ್ ಗುರುತು ಮರೆತೆ, ಒಮ್ಮೆ ಸೇವ್ ಮಾಡದೆ ಮುಚ್ಚಿದೆ. ಆ ಮಗು ಒಂದು ಸಲವೂ ಬೇಸರದ ಉಸಿರು ಬಿಡಲಿಲ್ಲ. ಕೊನೆಗೆ, ಮಡಿಸಿಟ್ಟ ಸೀರೆ ಬಿಚ್ಚಿದ ಹಾಗೆ ಪಟ್ಟಿ ಪೂರ್ತಿ ಹರಡಿಕೊಂಡಿತು. ಯಜಮಾನರ ಫೋನಿನಲ್ಲೂ ನೋಡಿದೆ. 'ಇದು ಮಾತ್ರ ಕೊಡುವುದಿಲ್ಲ' ಎಲ್ಲಕ್ಕಿಂತ ಮೇಲೆ ಕಾಣುತ್ತಿತ್ತು.

"ಪೋಸ್ಟ್ ಬದಲಾದ್ರೆ ಅಲ್ಲಿ ಉತ್ತರ ಬರೆದವರಿಗೆಲ್ಲ ಸೂಚನೆ ಹೋಗುತ್ತೆ ಆಂಟಿ. ನೀವೇನೂ ಕೇಳ್ಬೇಕಾಗಿಲ್ಲ" ಅಂದಳು. ಇಂಚರಾಳ ಹೊಟ್ಟೆ ತಣ್ಣಗಿರಲಿ ಎಂದು ಅವತ್ತಿನಿಂದ ದೀಪ ಹಚ್ಚುವಾಗಲೆಲ್ಲ ಅಂದುಕೊಳ್ಳುತ್ತೇನೆ.

ಪಕ್ಷವೆಲ್ಲ ಕಳೆಯಿತು, ಯಾರೂ ಬರಲಿಲ್ಲ. ಪಾಡ್ಯದ ಬೆಳಗ್ಗೆ ಅತ್ತೆ ಸ್ನಾನ ಮಾಡಿ ಬಂದು, ಮೇಲಿನ ಮೆಟ್ಟಿಲಿಗೆ ಬಿಳಿ ಬಟ್ಟೆ ಹಾಸಿ ಸುಮ್ಮನೆ ಕೂತರು. ಬೇರೆ ಯಾವ ಗಂಟನ್ನೂ ಬಿಚ್ಚಲು ಬಿಡಲಿಲ್ಲ.

ಆಗ ಗೇಟು ಸದ್ದಾಯಿತು. ಒಬ್ಬ ಹೆಂಗಸು; ಹಣೆಯಲ್ಲಿ ವಿಭೂತಿ, ಮೇಲೆ ಕುಂಕುಮ, ಎದೆಗವುಚಿದ ಗಂಟು.

"ನಾನು ಮಹಾನಂದ ರೀ. ಅವತ್ತೇ ಓದ್ದೆ ಅಮ್ಮಾರೇ, ಕೊನೇ ಕಾಲಂ. ನಿಮ್ಮೋರಲ್ಲಿ ಪಕ್ಷದ ದಿನಗಳಲ್ಲಿ ಇಂಥದ್ದು ಕೊಡೋದು ತಗೊಳ್ಳೋದು ಮಾಡಲ್ಲ ಅಂತಾರೆ. ಅದಕ್ಕೇ ಇವತ್ತಿನವರೆಗೂ ದೇವರ ಮನೇಲಿಟ್ಟಿದ್ದೆ."

ನಾವು ಇಲ್ಲಿ ಊಟ ಬಿಟ್ಟು ಕೊರಗುತ್ತಿದ್ದರೆ, ಆ ತಾಯಿ ಅಲ್ಲಿ ನಮ್ಮ ಶಾಸ್ತ್ರ ಕಾಯುತ್ತಿದ್ದರು! ನಾನು ಅವರ ಎರಡೂ ಕೈ ಹಿಡಿದುಕೊಂಡೆ. ಯಜಮಾನರು ಒಳಗೆ ಕಾಫಿ ಮಾಡಲು ಓಡಿದರು, ಹಾಲು ಉಕ್ಕಿಸಿದರು.

ಅವರ ಮಗಳು ಮಾನ್ಯಳಿಗೆ ಗೊಂಬೆ ಕೂರಿಸುವ ಆಸೆಯಂತೆ. ಮನೆಯವರದು ಪೇಟೆಯಲ್ಲಿ ಬೇಳೆಕಾಳಿನ ಅಂಗಡಿ. ಅತ್ತೆ ಕೂಡಲೇ, "ಆ ಶೆಟ್ಟಿ ಶೆಟ್ಟಮ್ಮನ ಜೋಡಿ ತೆಗೆದಿಡು ಶಕುಂತಲಾ. ಆ ಗೊಂಬೆಗಳ ಮುಂದೆ ಬೇಳೆಕಾಳಿನ ಅಂಗಡಿ ಇಡೋಕೆ ಇವರ ಮನೇಲಿ ಕಾಳಿಗೇನು ಕಡಿಮೆ" ಅಂದರು. ಅರಿಶಿನ ಕುಂಕುಮ ಕೊಟ್ಟು, ಸಂಜೆ ಮಗಳನ್ನು ಕರೆತರಬೇಕೆಂದು ಮಾತು ತೆಗೆದುಕೊಂಡು ಕಳಿಸಿದರು.

ಅತ್ತೆ ಗಂಟು ಬಿಚ್ಚಿ ರಾಣಿಯ ಮೂಗುಬಟ್ಟು ಮುಟ್ಟಿ ನೋಡಿದರು. ನಾನು ಕೆಳಗಿನ ಮೆಟ್ಟಿಲಿಗೆ ಕೈಹಾಕಿದೆ.

"ಅಲ್ಲಲ್ಲ, ಬಾ ಇಲ್ಲಿ. ಮೊದಲು ಆ ಪಟ್ಟಿ ತೆಗಿ. ಕೊಡುವುದಿಲ್ಲ ಅಂತ ಇದೆಯಲ್ಲ, ಅದನ್ನ ಅಳಿಸು."

"ಏನಂತ ಬರೀಲಮ್ಮ?"

"'ನನ್ನ ಮಗಳು ಶಕುಂತಲೆಗೆ ಕೊಟ್ಟಿದ್ದೇನೆ.' ಹಾಗಂತ ಬರಿ."

ಕಣ್ಣು ಮಂಜಾಗಿ ಅಕ್ಷರ ಕಾಣಲಿಲ್ಲ. ಬರೆದೆ. ಮಾತು ಉದ್ದವಾಗಿ ಆ ಕಾಲಂನಲ್ಲಿ ಹಿಡಿಸಲಿಲ್ಲ, ಅಗಲ ಮಾಡಿದೆ.

"ಪೂರ್ತಿ ಕಾಣುತ್ತಾ?" ಅಂದರು ಅತ್ತೆ.

"ಕಾಣುತ್ತಮ್ಮ" ಅಂದೆ.

"ಹಾಗಾದ್ರೆ ಎತ್ತಿ ಕೂರಿಸು."