ಅಪ್ಪನ ಟೈರು, ಅವ್ವನ ಸೀಟು

ಮಳೆಯಲ್ಲಿ ಅರಕಲಗೂಡು ರಸ್ತೆಯ ತಿರುವಿನಲ್ಲಿ ನಮ್ಮ ಕಾರು ಜಾರಿ, ಅಡ್ಡಡ್ಡ ತಿರುಗಿ, ಬೇಲಿಗೆ ಮೂತಿ ಒರಸಿ ನಿಂತಿತು. ಯಾರಿಗೂ ಗಾಯವಾಗಲಿಲ್ಲ. ಅಪ್ಪ ತಕ್ಷಣ ಇಳಿದು ಟೈರು ಸವರಿ, "ಪೂರಾ ಸವ್ದೋಗೈತೆ, ಅದ್ಕೇಯ" ಅಂದರು. ಅವ್ವ ಮಾತ್ರ ಅವತ್ತಿನಿಂದ ಆ ಕಾರು ಹತ್ತಲಿಲ್ಲ. ಅರಕಲಗೂಡಿನಲ್ಲಿರುವ ತನ್ನ ತಂಗಿ ಮನೆಗೆ ಬಸ್ಸಿನಲ್ಲಿ ಹೊರಟರೆ, ಅಪ್ಪ ಖಾಲಿ ಕಾರಿನಲ್ಲಿ ಆ ಬಸ್ಸಿನ ಹಿಂದೆಯೇ ಹೋಗುತ್ತಿದ್ದರು. ಬಸ್ಸು ನಿಂತಲ್ಲೆಲ್ಲ ತಾವೂ ನಿಲ್ಲುವರು. ಇದು ನಮ್ಮೂರು ಕಟ್ಟಾಯಕ್ಕೆಲ್ಲ ಗೊತ್ತು. ಅವ್ವ ಮತ್ತೆ ಮುಂದಿನ ಸೀಟಿಗೆ ಬರಬೇಕು ಎಂದು ಬಾಯಿಬಿಟ್ಟು ಹೇಳಲು ಮಾತ್ರ ನಮ್ಮಪ್ಪ ಚನ್ನಪ್ಪನವರಿಗೆ ಬಿಗುಮಾನ.

"ಒಸ ಟೈರ್ ಆಕ್ಸಿದ್ರೆ ತಾನಾಗೇ ಬತ್ತಾಳೆ, ನಡಿ ಸೌಜಿ" ಎಂದು ನನ್ನನ್ನು ಹಾಸನದ ಪರಮೇಶನ ಟೈರಂಗಡಿಗೆ ಕರೆದೊಯ್ದರು. ನಾನು ಹೊಳೆನರಸೀಪುರದಲ್ಲಿ ವಿಜ್ಞಾನದ ಮೇಡಂ. ಮಕ್ಕಳು ನನ್ನ ಮಾತು ಕೇಳುತ್ತಾರೆ, ಅಪ್ಪ ಕೇಳುವುದಿಲ್ಲ. ಎತ್ತು ಕೊಳ್ಳುವಾಗ ಹಲ್ಲು ನೋಡುವ ಮನುಷ್ಯ, ಟೈರಿಗೂ ಹಲ್ಲು ನೋಡಿದರು. ಅಂಗಡಿಯಲ್ಲೆಲ್ಲ ದಪ್ಪ ಹಲ್ಲಿನದನ್ನೇ ಹಿಡಿದು ನಿಂತರು.

"ಸಾ, ಅದು ಎಸ್ಟೇಟ್ ಜೀಪಿಂದು. ಕೆಸ್ರಿಗೆ ಸರಿ, ಟಾರ್ ರೋಡಲ್ಲಿ ಸೌಂಡ್ ಜಾಸ್ತಿ" ಅಂದ ಪರಮೇಶ.

"ಆದ್ರೆ ಆಗ್ಲಿ ಬುಡಪ್ಪ. ಎತ್ತಿನ ಕೊರಳ್ಗೆ ಗೆಜ್ಜೆ ಕಟ್ಟಕಿಲ್ವಾ?"

ನನಗೆ ಮೈ ಉರಿಯಿತು. ನಾಲ್ಕೂ ಗಾಲಿಗೆ ಅದೇ ಬಂತು.

ಮನೆ ಮುಂದೆ ಕುಂಕುಮ ಹಚ್ಚಿ, ನಿಂಬೆಹಣ್ಣಿಗೆ ಗಾಲಿ ಹತ್ತಿಸಿದ ಮೇಲೆ ಅವ್ವ ಮುಂದೆ ಕೂತಳು, ನಾನು ಹಿಂದೆ. ಅಪ್ಪನ ಮುಖ ನೋಡಬೇಕಿತ್ತು! ಕೆರೆ ಏರಿ ದಾಟಿ ವೇಗ ಹಿಡಿದದ್ದೇ ತಡ, ಕಾರಿನೊಳಗೆ ರಾಗಿ ಮಿಲ್ಲು ಶುರುವಾಯಿತು. ಅವ್ವ ಏನೋ ಕೇಳಿದಳು. "ಆಂ?" ಎಂದು ಅಪ್ಪ ಕಿರುಚಿದರು. ಮತ್ತೆ ಕೇಳಿದಳು. ಮತ್ತೆ "ಆಂ?"

"ನಿಲ್ಸಿ. ನಾನು ಬಸ್ಸಲ್ಲೇ ಓಯ್ತೀನಿ."

ಮಾರನೆಯ ದಿನ ಪರಮೇಶನ ಅಂಗಡಿಗೆ ಅವ್ವನೂ ಬಂದಳು, ಬಸ್ಸಿನಲ್ಲೇ. ಸೋರೆಕಾಯಿ ಎಳೆಯದೋ ಬಲಿತದ್ದೋ ಎಂದು ನೋಡುವವಳ ಹಾಗೆ ಒಂದೊಂದು ಟೈರಿಗೂ ಉಗುರು ಊರಿದಳು. ಪರಮೇಶ ನಗುತ್ತಲೇ ಬಿಡಿಸಿ ಹೇಳಿದ: ಅಗ್ಗದ್ದು ಗಟ್ಟಿ, ಬಹಳ ದಿನ ಬರುತ್ತದೆ, ಆದರೆ ನೀರಿನಲ್ಲಿ ಜಾರುತ್ತದೆ. ತೀರಾ ಮೆತ್ತಗಿನದು ಚೆನ್ನಾಗಿ ಹಿಡಿಯುತ್ತದೆ, ಸದ್ದೂ ಇಲ್ಲ, ಆದರೆ ಬೇಗ ಸವೆಯುತ್ತದೆ, ದುಬಾರಿ ಬೇರೆ. ನಡುವಿನದಕ್ಕೆ ನೀರು ಹೊರಹೋಗುವ ಅಗಲದ ಗೀರುಗಳಿದ್ದವು. ಅವ್ವ ಅದರ ಮೇಲೆ ಕೈಯಿಟ್ಟಳು. ದಪ್ಪ ಹಲ್ಲಿನವನ್ನು ಪರಮೇಶ ಕಡಿಮೆ ಬೆಲೆಗೆ ವಾಪಸ್ ಇಟ್ಟುಕೊಂಡ. ಅಪ್ಪ ಚೌಕಾಸಿಯನ್ನೇ ಮಾಡಲಿಲ್ಲ. ನನಗೆ ಪಾಪ ಅನ್ನಿಸಿತು.

ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹಾಸನದಿಂದ ನೇರ ಅರಕಲಗೂಡಿಗೇ ಹೊರಟೆವು. ದಾರಿಯಲ್ಲಿ ಮಳೆ ಹಿಡಿಯಿತು. ಕಾರು ಜಾರಿದ್ದ ಆ ತಿರುವು ಬಂತು, ಏನೂ ಆಗದೆ ಹಿಂದೆ ಹೋಯಿತು. ಒಳಗೆ ವೈಪರ್ ಆಡುವ ಸದ್ದು ಬಿಟ್ಟರೆ ಬೇರೇನಿಲ್ಲ. ಅಪ್ಪ ಗೆದ್ದವರ ಹಾಗೆ ಕೇಳಿದರು, "ನೆನ್ನೆ ಏನೋ ಕೇಳ್ದಲ್ಲೇ, ಏನದು?"

ಅವ್ವ ಕಿಟಕಿ ಕಡೆ ನೋಡುತ್ತಲೇ ಹೇಳಿದಳು, "ಅವತ್ತು ಕಾರು ಜಾರ್ದಾಗ ಇಳ್ದೋಗಿ ಟೈರ್ ಸವರುದ್ರಿ. ಪಕ್ಕದಲ್ಲಿ ನಾನಿದ್ದೆ. ನನ್ ಯಾಕ್ ನೋಡ್ಲಿಲ್ಲ ಅಂತ ಕೇಳ್ದೆ."

ಇಷ್ಟು ಸದ್ದಿಲ್ಲದ ಕಾರಿನಲ್ಲಿ "ಆಂ?" ಅನ್ನುವಂತಿರಲಿಲ್ಲ. ಅಪ್ಪ ಒಂದೆರಡು ಸಲ ಕೆಮ್ಮಿದರು.

"ಎದ್ರಿಕೆ ಆಯ್ತು ಕಣೇ. ತಿರ್ಗಿ ನೋಡ್ದಾಗ ನಿಂಗೇನಾದ್ರೂ ಆಗಿದ್ರೆ ಅಂತ." ಹೇಳುತ್ತಾ ಅವ್ವನ ಕಡೆ ತಿರುಗಿ ಹಾಗೇ ನೋಡುತ್ತಾ ಉಳಿದರು.

ಅವ್ವ ಸೆರಗಿನಲ್ಲಿ ಕಣ್ಣೊರಸಿಕೊಂಡಳು.

"ಈಗ ನೋಡ್ಬೇಡಿ. ರೋಡ್ ನೋಡಿ."