ಸೆಲ್ಲಾರಿನ ಕರೆಂಟು

"ಯಾವಳೇ ಇದನ್ನ ಇಲ್ಲಿ ಚುಚ್ಚಿದ್ದು?"

ಕಾರಿನ ಬಾನೆಟ್ಟಿನ ಮೇಲೆ ಓಡುತ್ತಿದ್ದ ತುಳಸಿಯ ಕೈ ಅಲ್ಲೇ ನಿಂತಿತು. ಬಟ್ಟೆಯಿಂದ ಸೋಪಿನ ನೀರು ಇಳಿದು ಮೊಣಕೈ ದಾಟಿ ರವಿಕೆಯ ತೋಳು ಒದ್ದೆಯಾಯಿತು. ಕಾರು ನಿಲ್ಲಿಸುವ ಸೆಲ್ಲಾರಿನ ಆ ತುದಿಯಲ್ಲಿ, ಲಿಫ್ಟಿನ ಪಕ್ಕ, ಎಲ್ಲ ಫ್ಲ್ಯಾಟಿನವರಿಗೂ ಸೇರಿದ ಪ್ಲಗ್ ಪಾಯಿಂಟಿನ ಮುಂದೆ ಗುರುದತ್ತ ನಿಂತಿದ್ದ. ವಾಕಿಂಗ್ ಮುಗಿಸಿ ಬಂದಿದ್ದ. ಅವನ ಹೊಸ ಎಲೆಕ್ಟ್ರಿಕ್ ಸ್ಕೂಟರು ಗೋಡೆಗೆ ಒರಗಿದ ಹಾಗೆ ನಿಂತು ರಾತ್ರಿಯಿಂದ ಕರೆಂಟು ಕುಡಿಯುತ್ತಿತ್ತು. ಅದರ ದಪ್ಪ ಪ್ಲಗ್ಗಿನ ಪಕ್ಕದ ತೂತಿನಲ್ಲಿ ಒಂದು ಹಳೆಯ ಮೊಬೈಲ್ ಚಾರ್ಜರು. ಅದರ ವೈರಿನ ತುದಿಗೆ ಹೆಬ್ಬೆರಳಿನಷ್ಟು ದೊಡ್ಡ ಕೆಂಪು ದೀಪ.

"ನಾನ್ರಿ ಸರ," ಅಂದಳು ತುಳಸಿ. "ಸೈಕಲ್ಲಿಂದು ಲೈಟ್ರಿ. ಅರ್ಧ ತಾಸು ಇಟ್ಟು ತಗೀತಿದ್ದೆ."

"ಸೈಕಲ್ಲಿಗೆ ಲೈಟು! ನಾಳೆ ಏಸಿ ಹಾಕಿಸ್ಕೋತೀರ, ನಾಡಿದ್ದು ನನ್ನ ಫ್ಲ್ಯಾಟೇ ಬಿಟ್ಟುಕೊಡಿ ಅಂತೀರ." ಗುರುದತ್ತ ಚಾರ್ಜರನ್ನು ಕಿತ್ತ. "ಕನ್ನಡದೋರು, ನಮ್ಮೋರು ಅಂತ ಕರ್ಕೊಂಡು ಬಂದು ಇಟ್ಕೊಂಡ್ನಲ್ಲ, ನನ್ನ ಚಪ್ಪಲೀಲಿ ನಾನೇ ಹೊಡ್ಕೋಬೇಕು. ಕದ್ದ ಕರೆಂಟು ಕಣೇ ಇದು. ಕಳ್ಳತನ ಇದು, ಗೊತ್ತಾಗತ್ತಾ? ವೈಜಾಗ್‌ನಲ್ಲಿ, ಎಂವಿಪಿ ಕಾಲೋನಿಲಿ ಇದ್ದಾಗ ನಮ್ಮ ವಾಚ್‌ಮನ್ನು ಮೊಬೈಲ್ ಚಾರ್ಜಿಗೆ ಹಾಕೋಕೂ ಪರ್ಮಿಷನ್ ಕೇಳ್ತಿದ್ದ. ನಿಮ್ಮಂಥ ದರಿದ್ರ ಮುಂಡೇವು ಅಲ್ಲಿ ಇರ್ಲಿಲ್ಲ."

ಪಕ್ಕದಲ್ಲಿ ಸ್ಕೂಲ್ ಬ್ಯಾಗ್ ಬೆನ್ನಿಗೆ ಏರಿಸುತ್ತಿದ್ದ ಹರ್ಷಿತಾ ಬಾಯಿ ತೆರೆದಳು. "ಸರ್, ನಿಮ್ಮ ಗಾಡಿ..."

ತುಳಸಿಯ ಸೋಪಿನ ಅಂಗೈ ಮಗಳ ಬಾಯಿಯ ಮೇಲೆ ಬಿತ್ತು. ಮಗು ನೊರೆಯನ್ನು ಉಗುಳಿತು.

ಗುರುದತ್ತ ಕೈಯಲ್ಲಿದ್ದದ್ದನ್ನು ಒಮ್ಮೆ ನೋಡಿದ. ಚಾರ್ಜರು, ವೈರು, ಕೆಂಪು ದೀಪ ಎಲ್ಲವನ್ನೂ ಒಟ್ಟಿಗೆ ತುಳಸಿಯ ಬಕೆಟ್ಟಿಗೆ ಎಸೆದ. ಕಾರಿನ ಕೆಸರು ತೊಳೆದ ನೀರು ಚಿಮ್ಮಿ ಅವಳ ಮುಖಕ್ಕೆ ಹಾರಿತು.

"ಗ್ಲಾಸಿನ ಮೇಲೆ ಗೆರೆ ಉಳಿದಿದೆ ನೋಡು. ಸರಿಯಾಗಿ ಒರೆಸು," ಎಂದು ಹೇಳಿ ಲಿಫ್ಟಿನ ಬಟನ್ ಒತ್ತಿದ.

*

ಆ ದೀಪವನ್ನು ಆಯ್ದು ಕೊಳ್ಳುವುದಕ್ಕೆ ಗಂಡ ಹೆಂಡತಿ ಒಂದು ಭಾನುವಾರ ಪೂರ್ತಿ ಜಗಳ ಆಡಿದ್ದರು.

ತುಳಸಿಯ ಗಂಡ ಶಂಕರಪ್ಪ ವಿಜಯವಾಡದ ಆಟೋನಗರದಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ಹೆಲ್ಪರು. ಹೆಸರಿಗೆ ಈ ಅಪಾರ್ಟ್‌ಮೆಂಟಿನ ವಾಚ್‌ಮನ್ನೂ ಅವನೇ. ಹಗಲು ಗೇಟು, ಮೋಟರು, ಕಾರು ತೊಳೆಯುವುದು, ಕಸ ಎಲ್ಲ ತುಳಸಿಯ ಪಾಲು. ರಾಯಚೂರು ಜಿಲ್ಲೆಯ ಮಾನ್ವಿ ಕಡೆಯ ಈ ಸಂಸಾರ ಆಟೋನಗರದ ಶೆಡ್ಡಿನ ಹಿಂದೆ ಟಾರ್ಪಾಲು ಕಟ್ಟಿಕೊಂಡಿದ್ದಾಗ, ಕಾರು ರಿಪೇರಿಗೆ ಬಂದಿದ್ದ ಗುರುದತ್ತನ ಕಿವಿಗೆ ಅವರ ಕನ್ನಡ ಬಿದ್ದಿತ್ತು. ಮೈಸೂರಿನ ಕಡೆಯವನು, ಬ್ಯಾಂಕಿನ ಅಧಿಕಾರಿ. ವರ್ಗವಾಗಿ ವೈಜಾಗಿಗೆ ಹೋಗಿ, ಅಲ್ಲಿಂದ ವಿಜಯವಾಡಕ್ಕೆ ಬಂದು ಭವಾನಿಪುರಂನಲ್ಲಿ ಫ್ಲ್ಯಾಟು ಕೊಂಡು ಅಸೋಸಿಯೇಷನ್ನಿನ ಸೆಕ್ರೆಟರಿಯೂ ಆಗಿದ್ದ. "ನಮ್ಮೋರು" ಎಂದು ಆವತ್ತು ಅವನು ಹೇಳಿದಾಗ ಶಂಕರಪ್ಪನ ಕಣ್ಣು ಒದ್ದೆಯಾಗಿತ್ತು. ಸೆಲ್ಲಾರಿನ ರೂಮಿನಲ್ಲಿ ಬಲ್ಬು ಮಾತ್ರ ಇದೆ, ಪ್ಲಗ್ಗು ಇಲ್ಲ ಎಂಬುದು ಸಾಮಾನು ಇಳಿಸಿದ ಮೇಲೆ ಗೊತ್ತಾಯಿತು. ಹಿಂದಿನ ವಾಚ್‌ಮನ್ನಿನ ಹೆಂಡತಿ ಬಾಣಂತನದಲ್ಲಿ ನೀರು ಕಾಯಿಸಲು ಹೀಟರು ಇಟ್ಟಳೆಂದು ಅಸೋಸಿಯೇಷನ್ನಿನವರು ಪ್ಲಗ್ಗನ್ನೇ ಗೋಡೆಯಿಂದ ಕೀಳಿಸಿದ್ದರು.

ಆಟೋನಗರದಿಂದ ಭವಾನಿಪುರಂಗೆ ಊರಿನ ಆ ತುದಿಯಿಂದ ಈ ತುದಿಗೆ ಸೈಕಲ್ಲು. ಶೆಡ್ಡಿನಿಂದ ಹೊರಡುವಾಗಲೇ ಕತ್ತಲು. ಒಂದು ದಿನ ಆಟೋ ಒಂದು ಸವರಿಕೊಂಡು ಹೋಗಿ, ಹ್ಯಾಂಡಲು ಸೊಟ್ಟಾಗಿ, ಅಂಗಿ ಹರಿದುಕೊಂಡು ಬಂದಿದ್ದ.

"ಏನಂದ ಆಟೋದಾಂವ?" ತುಳಸಿ ಕೇಳಿದ್ದಳು.

"ಏನಂತಾನ ಭಾಡ್ಯಾ. ಕಾಣ್ಲಿಲ್ಲ ಅಂದ."

ಆ ಮಾತು ತುಳಸಿಯ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಭಾನುವಾರ ಗೇಟಿಗೆ ಪಕ್ಕದ ಅಪಾರ್ಟ್‌ಮೆಂಟಿನ ಗಿರಿಜಮ್ಮನನ್ನು ಕೂರಿಸಿ, ಮೂವರೂ ವನ್ ಟೌನ್ ಪೇಟೆಯ ಸೈಕಲ್ ಅಂಗಡಿಗೆ ಹೋದರು. ಅಂಗಡಿಯ ಸಾಯಿಕಿರಣ್ ಗಾಜಿನ ಮೇಲೆ ದೀಪಗಳನ್ನು ಸಾಲಾಗಿ ಇಟ್ಟ. ಅವನ ತೆಲುಗನ್ನು ಹರ್ಷಿತಾ ಅಪ್ಪ ಅಮ್ಮನಿಗೆ ಕನ್ನಡ ಮಾಡಿ ಹೇಳುತ್ತಿದ್ದಳು.

ಟೈರಿಗೆ ಉಜ್ಜಿ ಉರಿಯುವ ಡೈನಮೋ ಗಟ್ಟಿ ಸಾಮಾನು. ಆದರೆ ಪೆಡಲು ಭಾರವಾಗುತ್ತದೆ, ದಿನವಿಡೀ ಕಬ್ಬಿಣ ಎತ್ತಿದ ಮೊಣಕಾಲಿಗೆ ಅದೊಂದು ಹೊರೆ. ಮೇಲಾಗಿ ಸಿಗ್ನಲ್ಲಿನಲ್ಲಿ ಸೈಕಲ್ಲು ನಿಂತರೆ ದೀಪವೂ ಆರುತ್ತದೆ, ಬೇಕಾದಾಗಲೇ ಇರುವುದಿಲ್ಲ. ಸೆಲ್ಲು ಹಾಕುವ ದೀಪ ಕೊಳ್ಳುವಾಗ ಅಗ್ಗ, ಆಮೇಲೆ ಸೆಲ್ಲು ತಿನ್ನುತ್ತದೆ. ಚಾರ್ಜ್ ಮಾಡುವ ಜೋಡಿ, ಮುಂದಕ್ಕೆ ಬಿಳಿ, ಹಿಂದಕ್ಕೆ ಕೆಂಪು, ಹಗುರ. ಮಳೆಯ ಹನಿಗೆ ಏನೂ ಆಗುವುದಿಲ್ಲ, ನೀರಿನಲ್ಲಿ ಮುಳುಗಿಸಬಾರದು ಅಷ್ಟೆ.

"ಮುಂದಿಂದ ಒಂದ ಸಾಕು," ಅಂದ ಶಂಕರಪ್ಪ. "ಹಿಂದ ಯಾವ ಮಗ ನೋಡ್ತಾನ ನನ್ನ?"

"ಹಿಂದ ಬರೋರ ನೋಡ್ಬೇಕು. ಮುಂದ ಬರೋರ್ನ ನೀ ನೋಡ್ತಿ. ಹಿಂದ ನಿನಗ ಕಣ್ಣದಾವೇನು?"

"ನೀ ಹಿಂದ ಕುಂತು ಕೂಗ್ಕೋತ ಬಾ. ನಿನ್ನ ಬಾಯಿಗೆ ಲಾರಿನೂ ದಾರಿ ಬಿಡ್ತದ."

ಸಾಯಿಕಿರಣ್‌ಗೆ ಭಾಷೆ ತಿಳಿಯದಿದ್ದರೂ ಜಗಳ ತಿಳಿದು ನಕ್ಕ. ತುಳಸಿ ಜೋಡಿಯನ್ನೇ ತೆಗೆದುಕೊಂಡಳು. ಅಂಗಡಿಯವನು ಹರ್ಷಿತಾಳ ಕೈಯಲ್ಲಿ ಕೆಂಪು ದೀಪ ಇಟ್ಟು ಬಟನ್ ಒತ್ತಿಸಿದ. ಮಗುವಿನ ಅಂಗೈ ಒಳಗಿನಿಂದಲೇ ಕೆಂಪಗೆ ಬೆಳಗಿತು. ದಾರಿಯುದ್ದಕ್ಕೂ ಅವಳು ಅದನ್ನು ಆರಿಸಲಿಲ್ಲ. ವೈರು ಒಂದೇ ಇದ್ದದ್ದರಿಂದ ಒಂದಾದ ಮೇಲೆ ಒಂದು ಚಾರ್ಜ್ ಮಾಡಬೇಕಿತ್ತು. ಇವತ್ತು ಬಿಳಿಯದು ಮುಗಿದು, ಕೆಂಪಿನ ಸರದಿ.

*

ಬಕೆಟ್ಟಿನಿಂದ ತೆಗೆದ ದೀಪವನ್ನು ತುಳಸಿ ಸೆರಗಿನಲ್ಲಿ ಒರೆಸಿ, ಒದರಿ, ಊದಿದಳು. ಬಟನ್ ಒತ್ತಿದಳು. ಉರಿಯಲಿಲ್ಲ. ಬಟನ್ನಿನ ಸಂದಿಯಿಂದ ಒಂದು ಹನಿ ಹೊರಬಂತು.

"ಮತ್ತೊಮ್ಮಿ ಕರೆಂಟಿಗೆ ಇಟ್ರ ಜೀವ ಬರಬಹುದು," ಎಂದು ತನಗೇ ಹೇಳಿಕೊಂಡು ಅವಳು ಮೂರನೇ ಮಹಡಿಗೆ ಮೆಟ್ಟಿಲು ಹತ್ತಿದಳು. ಲಿಫ್ಟಿನಲ್ಲಿ ಕೆಲಸದವರು ಹೋಗುವಂತಿರಲಿಲ್ಲ. ಗುರುದತ್ತನ ಹೆಂಡತಿ ಕಮಲಾ ಗ್ರಿಲ್ ಬಾಗಿಲಿನ ಆಚೆ ನಿಂತು ಕೇಳಿಸಿಕೊಂಡಳು. ಒಳಗೆ ಗುರುದತ್ತ ಪೂಜೆಗೆ ಕುಳಿತಿದ್ದ. ಗಂಟೆಯ ಸದ್ದು ಬರುತ್ತಿತ್ತು.

"ಅಮ್ಮಾರ, ಒಂದ ತಾಸು ನಿಮ್ಮನ್ಯಾಗ ಹಚ್ಚಿ ಕೊಡ್ರಿ. ಸಂಜಿಗೆ ಕತ್ತಲಾಗ ಬರ್ತಾನ್ರಿ. ಲಾರಿ ರೋಡ್ರಿ."

"ಅಯ್ಯೋ, ಗಲೀಜು ನೀರಲ್ಲಿ ಬಿದ್ದಿದ್ದನ್ನ ನಮ್ಮನೆ ಸ್ವಿಚ್ಚಿಗೆ ಹಾಕೋದಾ? ಢಂ ಅಂದ್ರೆ?" ಕಮಲಾ ಗ್ರಿಲ್ಲಿನಿಂದ ಹಿಂದೆ ಸರಿದಳು. ಅವಳ ಮುಖ ಮೆತ್ತಗಾಯಿತು. ಒಳಗೆ ಹೋಗಿ ದುರ್ಗಮ್ಮನ ಸ್ಟಿಕರ್ ತಂದಳು. ಕೆಂಪು ಹಿನ್ನೆಲೆ, ಚಿನ್ನದ ಬಣ್ಣದ ಅಂಚು. "ದುರ್ಗಮ್ಮನ ಬೆಟ್ಟದ ಮೇಲಿಂದ ತಂದಿದ್ದು. ಮಡಗಾರ್ಡಿಗೆ ಅಂಟಿಸ್ಕೋ. ಕೆಂಪಗೇ ಇದೆ, ಮಿಂಚತ್ತೆ. ಅಮ್ಮ ಕಾಯ್ತಾಳೆ."

ಗ್ರಿಲ್ಲಿನ ಸಂದಿಯಿಂದ, ಕೈಗೆ ಕೈ ತಾಗದ ಹಾಗೆ ಮೇಲಿನಿಂದ ಬಿಟ್ಟಳು. ಸ್ಟಿಕರ್ ಗಾಳಿಗೆ ತಿರುಗಿ ಚಪ್ಪಲಿಗಳ ಮೇಲೆ ಬಿತ್ತು.

"ಅಯ್ಯೋ, ಚಪ್ಪಲಿ ಮೇಲೆ! ಬೇಗ ಎತ್ಕೋ, ಪಾಪ ಬರತ್ತೆ. ಹಾಗೇ ಹೋಗ್ತಾ ಬಾಲ್ಕನಿ ಜಾಲರಿ ಒಂದು ತೊಳೆದು ಹೋಗು."

ಜಾಲರಿ ತೊಳೆದು ಅವಳು ಕೆಳಗಿಳಿಯುವಷ್ಟರಲ್ಲಿ ಶಂಕರಪ್ಪ ಸ್ನಾನ ಮುಗಿಸಿ ಬಂದು ಸೈಕಲ್ ತೆಗೆದು ನಿಂತಿದ್ದ. ಮಗಳು ಎಲ್ಲ ಹೇಳಿದ್ದಳು.

"ಅವನೌನ, ಮ್ಯಾಲ ಹೋಗಿ ಕೇಳಿ ಬರ್ತೀನಿ. ಕರೆಂಟ್ ಅವರಪ್ಪಂದೇನು?"

"ಕೇಳಿ ಏನ್ ಮಾಡ್ತಿ? ರೂಮ್ ಬಿಡು ಅಂದ್ರ? ಪಾಪು ಸಾಲಿ?" ತುಳಸಿ ಬಗ್ಗಿ ಮಡಗಾರ್ಡು ಒರೆಸಿ ಸ್ಟಿಕರ್ ಅಂಟಿಸಿದಳು. "ಇವತ್ತೊಂದಿನ. ನಾಳಿ ಬ್ಯಾರೆ ಏನರ ಮಾಡೂಣು. ಬಿಳೀದ ಹಿಂದ ಕಟ್ಟಲೇನು?"

"ಹಿಂದ ಕಟ್ಟಿದ್ರ ಮುಂದ ಗುಂಡಿ ಹೆಂಗ ಕಾಣ್ಬೇಕು?" ಅವನು ಸ್ಟಿಕರ್ ನೋಡಿದ. "ಮುಂದಿಂದಕ್ಕ ಕರೆಂಟು, ಹಿಂದಿಂದಕ್ಕ ದೇವರು. ನಡಿ ಅತ್ಲಾಗ."

ನಗಲಿಲ್ಲ. ಬುತ್ತಿಯನ್ನು ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಹೋದ.

ಆ ಸಂಜೆ ಗೇಟಿನ ಬಳಿ ತುಳಸಿ ನೀರಿನ ಮೋಟರ್ ಆರಿಸುತ್ತಿರುವಾಗ ಫೋನು ಬಂತು. ತೆಲುಗಿನ ದನಿ. ಅವಳಿಗೆ ಅರ್ಧ ತಿಳಿಯಿತು. ಫೋನನ್ನು ಮಗಳ ಕಿವಿಗೆ ಹಿಡಿದಳು. ಹರ್ಷಿತಾ ಕೇಳಿಸಿಕೊಂಡು, ಅಂಗಡಿಯಲ್ಲಿ ಹೇಳಿದ ಹಾಗೆಯೇ, ಒಂದೊಂದಾಗಿ ಕನ್ನಡ ಮಾಡಿ ಹೇಳಿದಳು. ಹಾಲಿನ ವ್ಯಾನು. ಹಿಂದಿನಿಂದ. ಕಾಲು. ಆಸ್ಪತ್ರೆ.

*

ತೊಡೆಯ ಮೂಳೆಗೆ ರಾಡು ಹಾಕಿದರು. ಮೊಣಕಾಲು ಮಡಚುವುದಿಲ್ಲ ಎಂದರು. ಆಸ್ಪತ್ರೆಯ ವರಾಂಡದಲ್ಲಿ ಶಂಕರಪ್ಪನ ಮಂಚದ ಕೆಳಗೆ ಇಬ್ಬರೂ ಮಲಗಿದ್ದಾಗ ಹರ್ಷಿತಾ ಅಮ್ಮನ ಕಿವಿಗೆ ಬಾಯಿಟ್ಟಳು.

"ಅಮ್ಮಾ, ಆ ಸರ್ ಆವತ್ತು..."

ತುಳಸಿ ಮಗಳ ಬಾಯಿ ಮುಚ್ಚಿದಳು. ಈ ಸಲ ಕೈಯಲ್ಲಿ ಸೋಪು ಇರಲಿಲ್ಲ. "ಸುಮ್ಮನಿರವ್ವ. ನಮಗ ಇನ್ನಾ ಅಲ್ಲೇ ಇರೂದೈತಿ."

ಮಗುವಿನ ಉಸಿರು ಅಂಗೈಗೆ ಬಿಸಿಯಾಗಿ ಬಡಿಯುತ್ತಲೇ ಇತ್ತು.

ಶಂಕರಪ್ಪನನ್ನು ಆಟೋದಲ್ಲಿ ತಂದು ಸೆಲ್ಲಾರಿನ ರೂಮಿನಲ್ಲಿ ಮಲಗಿಸಿದ ಮೇಲಿನ ಭಾನುವಾರ ಬೆಳಿಗ್ಗೆ, ಅಸೋಸಿಯೇಷನ್ನಿನವರು ಸೆಲ್ಲಾರಿನಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು. ಕುರ್ಚಿ ಹಾಕಿದವಳೂ ಒರೆಸಿದವಳೂ ತುಳಸಿಯೇ. ಕಮಲಾ ಮೇಲಿನಿಂದ ಟೀ ಕಳಿಸಿದ್ದಳು. ತುಳಸಿ ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ಬಗ್ಗುತ್ತಿದ್ದಳು. ರೂಮಿನ ಬಾಗಿಲು ತೆರೆದೇ ಇತ್ತು. ಒಳಗಿನಿಂದ ಪಟ್ಟಿಯ ಔಷಧದ ವಾಸನೆ ಬರುತ್ತಿತ್ತು. ಪ್ಲಗ್ ಪಾಯಿಂಟಿನಲ್ಲಿ ಸ್ಕೂಟರಿನ ಚಾರ್ಜರು ಹಸಿರು ಕಣ್ಣು ಮಿಟುಕಿಸುತ್ತಿತ್ತು.

ಗುರುದತ್ತ ಎದ್ದು ನಿಂತು ತೆಲುಗಿನಲ್ಲಿ ಮಾತಾಡಿದ. ಸಭೆಯಲ್ಲಿ ಅವನ ತೆಲುಗು ಬಹಳ ಮರ್ಯಾದೆಯದು.

"ಬೇಜಾರಿನ ವಿಷಯ, ಸಾರ್. ಒಳ್ಳೆಯ ಹುಡುಗ. ಆದರೆ ವ್ಯಾನಿನ ಡ್ರೈವರನ್ನೂ ಏನು ಅನ್ನುವುದು? ಸೈಕಲ್ಲಿನ ಹಿಂದೆ ಲೈಟೇ ಇರಲಿಲ್ಲವಂತೆ. ಇವರಿಗೆ ಸೇಫ್ಟಿ ಅನ್ನುವುದರ ಗಂಧವೇ ಇಲ್ಲ. ಒಂದು ಮಾತು ನನಗೆ ಹೇಳಿದ್ದರೆ ನಾನೇ ಲೈಟು ಕೊಡಿಸುತ್ತಿದ್ದೆ. ನಮ್ಮ ರಾಜ್ಯದವರು, ನನಗೂ ಕರುಳು ಚುರುಕ್ ಅನ್ನುವುದಿಲ್ಲವೇ?"

ಕೆಲವರು ತಲೆ ಆಡಿಸಿದರು. ಗುರುದತ್ತನ ಎದುರು ಫ್ಲ್ಯಾಟಿನ ರಾಮ್‌ಪ್ರಸಾದ್, ರೈಲ್ವೆಯಲ್ಲಿದ್ದು ನಿವೃತ್ತರಾದವರು, ಟೀ ಲೋಟ ಹಿಡಿದು ರೂಮಿನ ಬಾಗಿಲ ಕಡೆ ನೋಡುತ್ತಿದ್ದರು.

ಗುರುದತ್ತ ತುಳಸಿಯ ಕಡೆ ತಿರುಗಿದ. ಮುಖದ ನಗು ಹಾಗೇ ಇತ್ತು. ಭಾಷೆ ಮಾತ್ರ ಕನ್ನಡವಾಯಿತು.

"ಕೇಳಿಸ್ಕೋ. ಹೊಸ ವಾಚ್‌ಮನ್ ಬುಧವಾರ ಬರ್ತಾನೆ. ಅಷ್ಟರೊಳಗೆ ಈ ಕುಂಟನ್ನ ಎತ್ಕೊಂಡು ಜಾಗ ಖಾಲಿ ಮಾಡು. ಇಲ್ಲಿ ಯಾರ ಮುಂದಾದ್ರೂ ಬಾಯಿ ಬಿಟ್ಯೋ, ಕರೆಂಟ್ ಕಳ್ಳಿ ಅಂತ ಪೊಲೀಸಿಗೆ ಕೊಡ್ತೀನಿ. ಈಗ ಎಲ್ಲರಿಗೂ ಕೈ ಮುಗಿ."

"ಏನಂದಿರಿ ಅವಳಿಗೆ?" ರಾಮ್‌ಪ್ರಸಾದ್ ಕೇಳಿದರು.

"ಧೈರ್ಯ ಹೇಳಿದೆ ಸಾರ್. ಊರಿಗೆ ಹೋಗಿ ರೆಸ್ಟ್ ತಗೊಳ್ಳಿ, ನಾವಿದ್ದೇವೆ ಅಂದೆ. ಅವಳಿಗೂ ಊರಿಗೆ ಹೋಗಬೇಕು ಅಂತಲೇ ಆಸೆ."

ಕುರ್ಚಿಗಳಲ್ಲಿ ಪಾಪ ಎಂಬ ಸದ್ದು ಹರಿದಾಡಿತು. ಕೈ ಮುಗಿಯಲು ತುಳಸಿಯ ಕೈ ಖಾಲಿ ಇರಲಿಲ್ಲ. ಒಳಗೆ ಶಂಕರಪ್ಪ ಏಳಲು ಹೋದಾಗ ಕಬ್ಬಿಣದ ಮಂಚ ಕಿರುಗುಟ್ಟಿತು. "ಸೂಳೇಮಗನ..." ಎಂದು ಶುರುವಾದ ಅವನ ಮಾತು ನೋವಿನಲ್ಲಿ ನರಳಾಟವಾಗಿ ಮುಗಿಯಿತು. ಸಭೆಗೆ ಕೇಳಿದ್ದು ನರಳಾಟ ಮಾತ್ರ.

ಆಗ ರೂಮಿನ ಬಾಗಿಲಿಗೆ ಹರ್ಷಿತಾ ಬಂದಳು. ತಲೆ ಬಾಚಿರಲಿಲ್ಲ. ಬಲಗೈ ಮುಷ್ಟಿಯಾಗಿತ್ತು. ಕುರ್ಚಿಗಳ ನಡುವೆ ನಡೆದು ಬಂದು ಸ್ಕೂಟರಿನ ಪಕ್ಕ, ಪ್ಲಗ್ಗಿನ ಕೆಳಗೆ ನಿಂತಳು.

"ಒಳಗೆ ಹೋಗು ಪುಟ್ಟಿ," ಗುರುದತ್ತ ಕನ್ನಡದಲ್ಲಿ ಅಂದ. ತುಳಸಿಯ ಕಡೆ ನೋಡಿ ಹಲ್ಲು ಕಚ್ಚಿದ. "ಕರ್ಕೊಳ್ಳೇ ಅದನ್ನ."

ಮಗಳ ಬಾಯಿ ತೆರೆಯುವುದನ್ನು ತುಳಸಿ ನೋಡಿದಳು. ಎರಡು ಹೆಜ್ಜೆಯ ದೂರ. ಟೀ ತಟ್ಟೆ ಅವಳ ಎರಡೂ ಕೈಯಲ್ಲಿತ್ತು. ಕೆಳಗಿಡಬಹುದಿತ್ತು. ಇಡಲಿಲ್ಲ.

ಹರ್ಷಿತಾ ಮುಷ್ಟಿ ಬಿಚ್ಚಿ ಕೈ ಮುಂದೆ ಚಾಚಿದಳು. ಅಂಗೈಯಲ್ಲಿ ಸತ್ತ ಕೆಂಪು ದೀಪ ಇತ್ತು. ಒಳಗೆ ಸೋಪಿನ ನೀರು ಒಣಗಿ ಬೆಳ್ಳಗೆ ಕಟ್ಟಿಕೊಂಡಿತ್ತು. ಅವಳು ಕನ್ನಡದಲ್ಲಿ ಮಾತಾಡಲಿಲ್ಲ. ಶಾಲೆಯಲ್ಲಿ ಪಾಠ ಒಪ್ಪಿಸುವ ದನಿಯಲ್ಲಿ, ಕೊನೆಯ ಕುರ್ಚಿಗೂ ಕೇಳುವಂತೆ, ಎಲ್ಲರಿಗೂ ತಿಳಿಯುವ ತೆಲುಗಿನಲ್ಲಿ ಕೇಳಿದಳು:

"ಸರ್, ನಮ್ಮಪ್ಪನ ಸೈಕಲ್ಲಿಗೆ ಹಿಂದೆ ಲೈಟೇ ಇರಲಿಲ್ಲ ಅಂದರೆ, ಆವತ್ತು ಬೆಳಿಗ್ಗೆ ಈ ಪ್ಲಗ್ಗಿನಿಂದ ಕಿತ್ತು ನಮ್ಮಮ್ಮನ ಬಕೆಟ್ಟಿಗೆ ನೀವು ಎಸೆದದ್ದು ಏನು?"